ಮುದ್ದಾದ ಅಕ್ಷರದ ಹದಿನೆಂಟು

ಮಸ್ಕಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ವಿದ್ಯೆ ಅಷ್ಟಕ್ಕಷ್ಟೇ, ಅಕ್ಷರ ಮಾತ್ರ ಮುದ್ದು. ಅದನ್ನು ನೋಡಿ ಮಸೀದಿಯ ಹಿರಿಯರು ನಿಕಾಹ್ ರಿಜಿಸ್ಟರ್ ಬರೆಯುವ ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದರು. ಕೊರಳೊಡ್ಡಿದವನು ನಾನೇ. ಮೊದಲ ಪಂಕ್ತಿಯ ಬಿರಿಯಾನಿ ಯಾರಿಗೆ ಬೇಡ?

ರಿಜಿಸ್ಟರಿನಲ್ಲಿ ವಧುವಿನ ವಯಸ್ಸಿಗೊಂದು ಕಾಲಂ ಇದೆ. ನಾನು ಕೇಳುವ ಮೊದಲೇ ಯಾರಾದರೂ "ಹದಿನೆಂಟು ತುಂಬ್ಯಾವ್ರೀ" ಎನ್ನುತ್ತಿದ್ದರು. ದಾಖಲೆ ಕೇಳಿದರೆ ಬಿರಿಯಾನಿ ಆರುತ್ತದೆಂದು ಬರೆದುಬಿಡುತ್ತಿದ್ದೆ. ಬೆಳಿಗ್ಗೆ ಶಾಲೆಯಲ್ಲಿ ಬಾಲ್ಯವಿವಾಹದ ವಿರುದ್ಧ ಪ್ರತಿಜ್ಞೆ ಬರೆದು ಓದಿಸಿ, ಮಧ್ಯಾಹ್ನ ಅದೇ ಪೆನ್ನಿನಿಂದ ಹದಿನೆಂಟು ಬರೆದದ್ದೂ ಉಂಟು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆಯನ್ನು ತರಗತಿಯಲ್ಲಿ ನಾನೇ ಬಿಡಿಸಿ ಹೇಳುತ್ತಿದ್ದೆ.

ಗುರುಗುಂಟಾದ ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ನನ್ನ ಶಾಲೆಯಲ್ಲೇ ಹತ್ತನೇ ತರಗತಿ ಓದುತ್ತಿದ್ದಳು. ಹದಿನಾರೂ ತುಂಬಿರಲಿಲ್ಲ. ಸಿಂಧನೂರಿನಿಂದ ಸಂಬಂಧ ಬಂತು. ಹುಡುಗನಿಗೆ ರೈಸ್ ಮಿಲ್ಲಿನಲ್ಲಿ ಕೆಲಸ. ಅಕ್ಕ ಒಪ್ಪಿಯೇಬಿಟ್ಟಳು.

"ಕಾಯ್ದೆ ಐತಲ್ಲಕ್ಕ" ಎಂದೆ.

"ನಮ್ಮ ಶರಿಯತ್‌ನಾಗ ನಡೀತದ, ಬಿಡು" ಎಂದಳು.

ಬಿಟ್ಟೆ. ಬಿಡುವುದರಲ್ಲಿ ನನ್ನಷ್ಟು ನಿಪುಣ ಇನ್ನೊಬ್ಬನಿಲ್ಲ.

ನಿಕಾಹ್ ನಮ್ಮ ಮನೆಯ ಮುಂದೆಯೇ. ಪೆಂಡಾಲಿನಲ್ಲಿ ಹುಡುಗ ಮತ್ತು ಇಮಾಮರು, ಒಳಕೋಣೆಯಲ್ಲಿ ಹುಡುಗಿ. ಅವಳ ಪರವಾಗಿ ಮನೆಯ ಹಿರಿಯನೊಬ್ಬ 'ವಕೀಲ'ನಾಗಿ, ಇಬ್ಬರು ಸಾಕ್ಷಿಗಳೊಡನೆ ಒಳಗೆ ಹೋಗಿ ಒಪ್ಪಿಗೆ ಕೇಳಿ ಬರುವುದು ನಮ್ಮ ಪದ್ಧತಿ. ಹುಡುಗಿ ತಲೆ ತಗ್ಗಿಸಿ ಸುಮ್ಮನಿದ್ದರೆ ನಾಚಿಕೆ, ಅಂದರೆ ಒಪ್ಪಿಗೆ. ಆ ದಿನ ಸೋದರಮಾವನಾದ ನಾನೇ ವಕೀಲ. ಹೊಸ ಶೇರ್ವಾನಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿಯುತ್ತಿತ್ತು.

"ಒಪ್ಪಿಗಿ ಐತೇನವ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಏಳತೊಡಗಿದ್ದೆ.

"ಇಲ್ಲ ಮಾಮು" ಎಂದಳು. "ಸಾಲ್ಯಾಗ ನೀವು ಪ್ರತಿಜ್ಞೆ ಓದ್ಸಿದಾಗ ನಾ ಎಲ್ಲಾರಕಿಂತ ಜೋರ ಹೇಳೀನಿ. ನೀವ ಶಾಬಾಶ್ ಅಂದ್ರಿ."

ಸಾಕ್ಷಿಗಳು ನನ್ನ ಮುಖ ನೋಡಿದರು. ನನಗೆ ಹೆದರಿಕೆಯಾಯಿತು. ಅವಳ ಗತಿ ನೆನೆದಲ್ಲ, ಹೊರಗೆ ಕೂತ ಬೀಗರನ್ನು ನೆನೆದು. ಪೆಂಡಾಲಿಗೆ ಬಂದು "ರಿಜಿಸ್ಟರ್ ಮಸೀದ್ಯಾಗ ಮರತ ಬಂದೀನ್ರೀ" ಎಂದುಬಿಟ್ಟೆ. ರಿಜಿಸ್ಟರ್ ನನ್ನ ಕಂಕುಳಲ್ಲೇ ಇತ್ತು.

ಇಮಾಮರು ನನಗಿಂತ ಚಿಕ್ಕವರು. ಕಂಕುಳನ್ನೊಮ್ಮೆ ನೋಡಿ ಮೆಲ್ಲಗೆ, "ಹುಡುಗಿ ಏನಂದ್ಳು, ಅದನ್ನ ಹೇಳ್ರಿ" ಎಂದರು.

"ಒಲ್ಲೆ ಅಂದಾಳ. ವಯಸ್ಸೂ ಆಗಿಲ್ಲ."

"ಹಂಗಾದ್ರ ಶರಿಯತ್ತೂ ನಿಮ್ಮ ಕಡಿ ಇಲ್ಲ, ಕಾಯ್ದೆನೂ ಇಲ್ಲ" ಎಂದು ಅವರು ಎದ್ದರು. ಬೀಗರು ಕೂಗಾಡಿ ಹೋದರು. ಅಕ್ಕ ಇಂದಿಗೂ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಊರಲ್ಲಿ ಮಾತ್ರ ನಾನು ಧೈರ್ಯವಂತನಾದೆ. ಲಿಂಗಸುಗೂರಿನ ಸಭೆಯೊಂದರಲ್ಲಿ ಶಾಲು ಹೊದಿಸಿದರು. ಬೇಡ ಅನ್ನಲಿಲ್ಲ. ಭಾಷಣವನ್ನೂ ಮಾಡಿ, ಬಸ್ಸಿನಲ್ಲೂ ಶಾಲು ತೆಗೆಯದೆ ಮನೆಗೆ ಬಂದೆ. ಹುಡುಗಿ ಪಡಸಾಲೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಶಾಲು ನೋಡಿ ನಕ್ಕಳು. ಆಮೇಲೆ ಕೇಳಿದಳು:

"ಮಾಮು, ನೀವು ಹದಿನೆಂಟು ಅಂತ ಬರದ್ರಲ್ಲ, ಆ ಉಳಿದ ಹುಡುಗ್ಯಾರು ಒಪ್ಪಿಗಿ ಕೇಳಿದಾಗ ಏನಂದಿದ್ರು?"

"ಸುಮ್ನಿದ್ರಂತವ್ವಾ" ಎಂದೆ.

ಅವಳು ಪುಸ್ತಕಕ್ಕೆ ತಿರುಗಿದಳು. ನನಗೆ ಆ ದಿನ ನಿಜವಾಗಿ ನಾಚಿಕೆಯಾಯಿತು. ಆ ಹುಡುಗಿಯರಲ್ಲಿ ಇಬ್ಬರು ಹೋದ ವರ್ಷ ಇವಳ ಬೆಂಚಿನಲ್ಲೇ ಕೂತವರು.