ಲಿಲಾವಿನ ದನಿಯಲ್ಲಿ ಕಾಂಗರೂ

ನಮ್ಮ ಮನೆಯವರು ನನ್ನ ಹೆಸರು ಹೇಳಿದ್ದು ಒಂದೇ ಸಲ, ಅದೂ ಮದುವೆಯ ದಿನ, ಒಡಪು ಹೇಳುವಾಗ. ಹೆಂಡತಿಯ ಹೆಸರನ್ನು ಗಂಡ, ಗಂಡನ ಹೆಸರನ್ನು ಹೆಂಡತಿ ಪ್ರಾಸ ಕಟ್ಟಿದ ಸಾಲಿನೊಳಗೆ ಸೇರಿಸಿ ಹೇಳಬೇಕು, ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಅವರು ನಮ್ಮೂರು ಇಂಡಿಯ ಪೇಟೆಯಲ್ಲಿ ನಿಂಬೆಹಣ್ಣಿನ ಲಿಲಾವು, ಅಂದರೆ ಹರಾಜು, ಕೂಗುವವರು. ಸುರಿದ ಹಣ್ಣಿನ ನಡುವೆ ನಿಂತು, ವ್ಯಾಪಾರಿಗಳು ಹೇಳಿದ ದರವನ್ನು ಏರಿಸುತ್ತ ಏರಿಸುತ್ತ ಒಂದೇ ಉಸಿರಿಗೆ ಎಳೆದುಕೊಂಡು ಹೋಗುವ ದನಿ ಅವರದು. ಒಡಪನ್ನೂ ಹಾಗೇ ಕೂಗಿಬಿಟ್ಟರು. ಹಂದರದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೇನು ಲಿಲಾವಿಗೆ ಬಂದ ಮಾಲೇ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು.

ಆಮೇಲೆ ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನಮ್ಮ ಕಡೆ ಹಾಗೇ. ಮಕ್ಕಳಿದ್ದರೆ ಮಗುವಿನ ಹೆಸರು ಹಿಡಿದು ‘ಇಂಥವನ ಅವ್ವಾ’ ಎಂದು ಕರೆಯುತ್ತಾರೆ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಆ ಹಾದಿಯೂ ಇರಲಿಲ್ಲ. ‘ಕೇಳಿಲ್ಲಿ’ ಎನ್ನುವರು, ಇಲ್ಲವೇ ಅಂಗಳದಲ್ಲಿ ನಿಂತು ಒಂದು ಕೆಮ್ಮು ಕೆಮ್ಮುವರು. ಎಷ್ಟೋ ಸಲ ಗೋಡೆಯ ಕಡೆ ಮುಖ ಮಾಡಿ ‘ಚಾ ಆಗೇತೇನು?’ ಎಂದು ಕೇಳುವರು, ಗೋಡೆಯೇ ಚಹಾ ಕುದಿಸುತ್ತದೆ ಎಂಬಂತೆ. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಸಂಬೋಧನಾ ವಿಭಕ್ತಿಗೆ ಉದಾಹರಣೆ ಕೊಡುವಾಗಲೆಲ್ಲ, ನನ್ನ ಮನೆಯಲ್ಲಿ ಈ ವಿಭಕ್ತಿಯೇ ಇಲ್ಲವಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಆಗ ನಗು ಬರುತ್ತಿತ್ತು.

ಒಂದು ಬೆಳಿಗ್ಗೆ ಪೇಟೆಯಲ್ಲೇ ಅವರಿಗೆ ಲಕ್ವಾ ಹೊಡೆಯಿತು. ಕೂಗುತ್ತಿದ್ದವರು ನಡುವೆಯೇ ನಿಂತರಂತೆ. ದರ ಮುಗಿಯಿತೆಂದುಕೊಂಡು ಕೊಳ್ಳುವವನು ಹಣ್ಣಿಗೆ ಕೈ ಹಾಕಿದನಂತೆ. ವಿಜಯಪುರದ ಆಸ್ಪತ್ರೆಯಿಂದ ಮರಳಿ ಬಂದಾಗ ಬಲಗೈ ಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು. ಕಾಲು ದಿನದಿಂದ ದಿನಕ್ಕೆ ಸುಧಾರಿಸಿತು. ಮಾತು ಮಾತ್ರ ಹೋಗಿಯೇಬಿಟ್ಟಿತು. ಹೇಳಿದ್ದು ತಿಳಿಯುತ್ತದೆ, ಹೇಳಲು ಬರುವುದಿಲ್ಲ. ‘ಆಂ, ಆಂ’ ಎಂದು ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಹುಡುಕುವರು, ಸಿಗದಿದ್ದಾಗ ಕಣ್ಣು ಮುಚ್ಚಿಕೊಳ್ಳುವರು.

ಮೊದಮೊದಲು ಪೇಟೆಯ ಗೆಳೆಯರು ಬಂದರು. ಬಂದವರು ತಾವೇ ಮಾತಾಡಿ, ತಾವೇ ಉತ್ತರ ಹೇಳಿಕೊಂಡು, ಚಹಾ ಕುಡಿದು ಎದ್ದು ಹೋದರು. ಬರಬರುತ್ತ ಬರುವುದೂ ನಿಂತಿತು. ನಾನು ದಿನವಿಡೀ ಶಾಲೆಯಲ್ಲಿ ಗಂಟಲು ಹರಿಯುವಂತೆ ಒದರಿ ಮನೆಗೆ ಬಂದರೆ, ಬಾಗಿಲು ತೆರೆದ ಕೂಡಲೇ ಆ ಮೌನ. ಅದು ಒಬ್ಬಳೇ ಇರುವ ಮನೆಯ ಮೌನವಾಗಿದ್ದರೆ ಹೇಗೋ ತಡೆಯುತ್ತಿದ್ದೆ. ಇದು ಇಬ್ಬರು ಇರುವ ಮನೆಯದು. ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ಮುಚ್ಚುಮರೆ ಯಾಕೆ, ಒಂದೊಂದು ಸಂಜೆ ಒಲೆಯ ಮುಂದೆ ನಿಂತು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿಕೊಂಡಿದ್ದೇನೆ.

ಮಾತು ಕಲಿಸುವ ಡಾಕ್ಟರು ವಿಜಯಪುರದಲ್ಲಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು.

“ಮನಿಯೊಳಗಿನ ಸಾಮಾನು ಒಂದೊಂದ ತೋರ್ಸಿ ಹೆಸರು ಹೇಳ್ಸ್ರಿ ಅಕ್ಕೋರ. ದಿನಾ ಹೇಳ್ಸ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು.

ನಾನು ತಂಬಿಗೆ ಹಿಡಿದುಕೊಂಡು ಎದುರು ಕುಳಿತೆ. “ಇದೇನ್ರಿ? ತಂ... ತಂಬ...” ಅವರು ತಂಬಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಎಡಗೈಯಿಂದ ಅದನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಮರುದಿನ ಕುಕ್ಕರಿನ ಮುಚ್ಚಳವೂ ಅದೇ ಹಾದಿ ಹಿಡಿಯಿತು. ನನಗೂ ರೇಗಿತು. “ಒಗೀರಿ, ಎಲ್ಲಾ ಒಗೀರಿ, ನಾಳಿಗಿ ಕೈಯಾಗ ಹಿಟ್ಟ ಕಲಿಸ್ತೇನಿ,” ಎಂದು ಕೂಗಾಡಿದೆ. ಕೂಗಾಟಕ್ಕೆ ತಿರುಗಿ ಕೂಗುವವರೂ ಇಲ್ಲದಿದ್ದರೆ ಜಗಳಕ್ಕೂ ರುಚಿಯಿಲ್ಲ. ಅಂಗಳಕ್ಕೆ ಹೋಗಿ ಮುಚ್ಚಳ ಎತ್ತಿಕೊಂಡು ಬಂದೆ.

ಆ ಚಾರ್ಟು ಸಿಕ್ಕಿದ್ದು ಸಿಂದಗಿಯಲ್ಲಿ. ಪರೀಕ್ಷೆಯ ಕೆಲಸಕ್ಕೆಂದು ಹೋದವಳು ಬಸ್‌ಸ್ಟ್ಯಾಂಡಿನ ಹೊರಗಿನ ಅಂಗಡಿಯಲ್ಲಿ ಹಣ್ಣು, ತರಕಾರಿಗಳ ಚಾರ್ಟು ಕೇಳಿದೆ. ಖಾಲಿಯಾಗಿದೆ ಎಂದ ಅಂಗಡಿಯವ. “ಇದೊಂದು ಉಳಿದೈತ್ರಿ,” ಎಂದು ದೇಶ ದೇಶದ ಕಾಡುಪ್ರಾಣಿಗಳದ್ದನ್ನು ಸುತ್ತಿ ಕೊಟ್ಟ. ಆಸ್ಟ್ರೇಲಿಯಾದ ಕಾಂಗರೂ, ಚೀನಾದ ಪಾಂಡಾ, ನ್ಯೂಜಿಲೆಂಡಿನ ಕಿವಿ ಹಕ್ಕಿ, ಪೆರುವಿನ ಲಾಮಾ, ಕೆನಡಾದ ಬೀವರ್, ಮಡಗಾಸ್ಕರಿನ ಲೆಮೂರ್. ನಡುವೆ ನಮ್ಮ ಹುಲಿ. ನಿಂಬೆ, ಬದನೆ ಹೇಳಲಾಗದ ಮನುಷ್ಯನಿಗೆ ಇದನ್ನು ಒಯ್ದು ಏನು ಮಾಡಲಿ ಎಂದುಕೊಂಡೇ ತಂದೆ, ಅವರು ಸದಾ ಕೂಡುವ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿದೆ.

ಅವರು ಆ ಗೋಡೆಯನ್ನು ಬಹಳ ಹೊತ್ತು ನೋಡಿದರು. ಕಾಂಗರೂವಿನ ಹೊಟ್ಟೆಯ ಚೀಲದಿಂದ ಮರಿ ಇಣುಕುವುದನ್ನು ತೋರಿಸಿ ನನ್ನ ಕಡೆ ಹುಬ್ಬು ಹಾರಿಸಿದರು. ಇದೇನು ಸೋಜಿಗ ಎಂಬ ಹುಬ್ಬು ಅದು. “ಕಾಂಗರೂ ಅಂತಾರ್ರಿ ಇದಕ್ಕ, ಆಸ್ಟ್ರೇಲಿಯಾದಾಗ ಇರ್ತೈತಿ,” ಎಂದೆ. ಅವರ ತುಟಿ ಅಲುಗಿತು. “ಕಾಂ,” ಎಂದರು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಅದು ಯಾಕೆ ಬಂತೆಂದು ಆಮೇಲೆ ನಾನೇ ಯೋಚಿಸಿ ತಿಳಿದುಕೊಂಡೆ. ತಂಬಿಗೆ ಅವರದೇ ಮಾತು, ಕಳೆದುಹೋದ ಮಾತು. ಅದನ್ನು ನಾನು ಕೇಳಿದಾಗಲೆಲ್ಲ ಕಳೆದದ್ದು ನೆನಪಾಗಿ ಮಾನ ಹೋದಂತಾಗುತ್ತಿತ್ತು. ಕಾಂಗರೂ ಅವರಿಗೆ ಎಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಲಿಯುವುದರಲ್ಲಿ ನಾಚಿಕೆಯೇನು? ಮೊದಲೇ ಗೊತ್ತಿದ್ದ ಹುಲಿ ಮಾತ್ರ ಬರಲಿಲ್ಲ. ಅವರು ಹುಟ್ಟಿದ್ದು ಮಸೂತಿ ಎಂಬ ಹಳ್ಳಿಯಲ್ಲಿ, ಹುಡುಗನಾಗಿದ್ದಾಗ ಜೋಳದ ಹೊಲದಲ್ಲಿ ಚಿಗರಿಯ, ಅಂದರೆ ಜಿಂಕೆಯ, ಹಿಂಡು ಓಡಿಸಿದವರು. ನಮ್ಮ ಕಡೆಯ ಪ್ರಾಣಿ ಯಾವುದು ಹೇಳಿ ಎಂದರೆ ತಲೆಯ ಮೇಲೆ ಎರಡು ಬೆರಳು ನೆಟ್ಟು ಕೊಂಬು ಮಾಡಿ ತೋರಿಸುವರು, ಕಣ್ಣಲ್ಲಿ ನೀರು ತುಂಬಿಕೊಳ್ಳುವುದು, ಚಿಗರಿ ಎಂಬ ಮಾತು ಮಾತ್ರ ಬಾರದು.

ಕಲಿಸುವ ದಾರಿಯೂ ತಾನಾಗಿ ಸಿಕ್ಕಿತು. ‘ಕಾಂಗರೂ’ ಎಂದು ಬಿಡಿಬಿಡಿಯಾಗಿ ಹೇಳಿಸಿದರೆ ಮಧ್ಯದಲ್ಲೇ ಮುಗ್ಗರಿಸುವರು. ಒಂದು ದಿನ ಬೇಸತ್ತು ನಾನೇ ಅವರನ್ನು ಅಣಕಿಸುತ್ತ, “ಕಾಂಗರೂ ಕಾಂಗರೂ ಆಸ್ಟ್ರೇಲಿಯಾ, ಒಂದ ಸಲಾ, ಎರಡ ಸಲಾ!” ಎಂದು ಲಿಲಾವು ಕೂಗಿದೆ. ಅವರ ಬೆನ್ನು ನೆಟ್ಟಗಾಯಿತು. ನನ್ನ ಕೂಗು ಅವರಿಗೆ ಸರಿಬರಲಿಲ್ಲ, ಕೈಯಿಂದ ತಡೆದರು. ಆಮೇಲೆ ತಾವೇ ತೊದಲುತ್ತ, ಆದರೆ ಪೇಟೆಯ ಅದೇ ಎಳೆತದಲ್ಲಿ, ಕಾಂಗರೂವನ್ನು ಆಸ್ಟ್ರೇಲಿಯಾದವರೆಗೆ ಮುಟ್ಟಿಸಿದರು.

ಹೀಗೆ ಒಂದೊಂದೇ ದೇಶ ಗೆದ್ದೆವು. ಸಂಜೆ ನಾನು ಬರುವ ಹೊತ್ತಿಗೆ ಅವರು ಕುರ್ಚಿಯಲ್ಲಿ ಸಿದ್ಧರಾಗಿ ಕುಳಿತಿರುತ್ತಿದ್ದರು. ದನಿ ಸಣ್ಣದು, ಪಕ್ಕದ ಕೋಣೆಗೂ ಕೇಳಿಸದು. ಆದರೂ ಮನೆಯಲ್ಲಿ ದನಿಯಿತ್ತು. ಮುದ್ದೇಬಿಹಾಳದಲ್ಲಿರುವ ನಮ್ಮ ಅತ್ತಿಗೆ, ಅಂದರೆ ಇವರ ಅಕ್ಕ, ಫೋನಿನಲ್ಲಿ ಕೇಳಿ ಗೊಳೋ ಎಂದು ಅತ್ತರು. “ಒಡಹುಟ್ಟಿದಾಕಿ ಹೆಸರ ಹೇಳಾಕ ಬರಂಗಿಲ್ಲ, ಕಾಂಗರೂ ಅಂತಾನಲ್ಲವ್ವ! ಅವನ ತಲ್ಯಾಗ ನಾವು ಅದೇವೋ ಇಲ್ಲೋ?” ಎಂದರು. ಅವರಿಗೆ ಏನೋ ಸಮಾಧಾನ ಹೇಳಿದೆ. ಆದರೆ ಆ ಪ್ರಶ್ನೆ ನನ್ನೊಳಗೆ ಹೊಕ್ಕು ಕುಳಿತಿತು. ನಾನು ನಮ್ಮ ಮನೆಯವರ ತಲೆಯಲ್ಲಿ ಇದ್ದೇನೆಯೇ? ಇದ್ದರೆ ಯಾರಾಗಿ? ಊಟಕ್ಕೆ ಬಡಿಸುವ, ಅಂಗಿಯ ಗುಂಡಿ ಹಾಕುವ ಯಾರೋ ಒಬ್ಬ ಹೆಂಗಸಾಗಿಯೇ?

ಒಂದು ದಿನ ನನ್ನದೊಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಆ ಚಾರ್ಟಿನ ಮೂಲೆಯಲ್ಲಿ, ಲೆಮೂರ್ ಪಕ್ಕದಲ್ಲಿ ಅಂಟಿಸಿದೆ. ಕೆಳಗೆ ದೇಶದ ಜಾಗದಲ್ಲಿ ‘ಇಂಡಿ’ ಎಂದು ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಅವರು ಸಾಲಾಗಿ ಹೇಳುತ್ತ ಬಂದರು. ಲಾಮಾ, ಬೀವರ್, ಲೆಮೂರ್. ನನ್ನ ಫೋಟೋದ ಮುಂದೆ ಬೆರಳು ನಿಂತಿತು.

“ಇದು ಯಾವ ಪ್ರಾಣಿರಿ?” ಎಂದೆ, ನಗುತ್ತಲೇ.

ಅವರೂ ನಕ್ಕರು. ಮದುಮಗನ ಹಾಗೆ ತಲೆ ತಗ್ಗಿಸಿದರು. ಬಾಯಿ ಬಿಡಲಿಲ್ಲ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಅದೇ ನಗು, ಅದೇ ತಗ್ಗಿದ ತಲೆ. ನನ್ನ ಸಂಕಟ ಏನೆಂದರೆ, ಅವರಿಗೆ ಬರುತ್ತಿಲ್ಲವೋ ಅಥವಾ ಹೆಂಡತಿಯ ಹೆಸರು ಹೇಳಬಾರದೆಂದು ಸುಮ್ಮನಿರುವರೋ ನನಗೆ ತಿಳಿಯುವಂತಿರಲಿಲ್ಲ. ರೋಗವೂ ರೂಢಿಯೂ ಒಂದೇ ಮುಖ ಹಾಕಿಕೊಂಡು ಎದುರು ಕುಳಿತಿದ್ದವು. ಮುಂಚೆಯಿಂದಲೂ ಹೆಸರು ಹಿಡಿದು ಕರೆಯುವ ಗಂಡನಾಗಿದ್ದರೆ ಇವತ್ತು ಮರೆತಿದ್ದಾರೆಂದಾದರೂ ಗೊತ್ತಾಗುತ್ತಿತ್ತು. ಡಾಕ್ಟರನ್ನು ಕೇಳಿದೆ. “ಮದ್ಲ ನಿಮಗ ಏನಂತ ಕರೀತಿದ್ರು ಅದನ್ನ ಹೇಳ್ಸ್ರಿ ಅಕ್ಕೋರ,” ಎಂದರು ಅವರು. ಏನಂತ ಹೇಳಲಿ? ಕೆಮ್ಮು ಅಂತ ಹೇಳಲೇ? ಮನೆಗೆ ಬಂದು ಫೋಟೋ ಕಿತ್ತುಹಾಕಿದೆ. ಕಾಗದವೂ ಸ್ವಲ್ಪ ಹರಿದು ಬಂತು. ಅವರು ಆ ಹರಿದ ಜಾಗವನ್ನು ನೋಡಿದರು.

ಕಳೆದ ಮಾಘದಲ್ಲಿ ಅತ್ತಿಗೆಯ ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟೆವು. ಕಾಯಿಲೆಯ ನಂತರ ಆಸ್ಪತ್ರೆ ಬಿಟ್ಟು ಬೇರೆ ಕಡೆ ಅವರನ್ನು ಕರೆದೊಯ್ದದ್ದು ಅದೇ ಮೊದಲು. ಸಿಂದಗಿಯಲ್ಲಿ ಇಳಿದು ಮುದ್ದೇಬಿಹಾಳದ ಬಸ್ಸು ಹಿಡಿಯಬೇಕು. ತೊಗರಿಯ ಸುಗ್ಗಿ, ಮದುವೆಯ ಕಾಲ, ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಕಲ್ಲು ಬೆಂಚಿನ ಮೇಲೆ ಅವರನ್ನು ಕೂಡ್ರಿಸಿ, ತೊಡೆಯ ಮೇಲೆ ಚೀಲವಿಟ್ಟು, “ಇಲ್ಲೇ ಕುಂದರ್ರಿ, ಬಸ್ ಯಾವಾಗೈತಿ ಕೇಳ್ಕೊಂಡ ಬರ್ತೇನಿ,” ಎಂದು ಕಂಟ್ರೋಲರ್ ಕೋಣೆಯ ಕಡೆ ಹೋದೆ. ಅಷ್ಟರಲ್ಲಿ ಕಲಬುರಗಿಯ ಬಸ್ಸು ಬಂದು ಬೆಂಚಿಗೂ ನನಗೂ ನಡುವೆ ನಿಂತಿತು. ಜನ ಮುಗಿಬಿದ್ದರು. ನಾನು ಅವರಿಗೆ ಕಾಣದಾದೆ.

ಮೊದಲು ನನಗೆ ಆ ದನಿಯ ಗುರುತೇ ಹತ್ತಲಿಲ್ಲ. ‘ವಿಜಯಪುರ ವಿಜಯಪುರ’ ಎಂದು ಕಂಡಕ್ಟರುಗಳು ಕೂಗುತ್ತಿದ್ದರು, ಅವರ ಮೇಲೆ ಹಾಯ್ದು ಇನ್ನೊಂದು ಕೂಗು ಬಂತು. “ಕಾಂಗರೂ ಆಸ್ಟ್ರೇಲಿಯಾ! ಪಾಂಡಾ ಚೀನಾ!” ಪೇಟೆಯ ದನಿ ಅದು, ತುಂಬು ದನಿ, ಲಕ್ವಾ ಹೊಡೆದ ದಿನದಿಂದ ನಾನು ಕೇಳದಿದ್ದ ದನಿ. ಜನ ನಗತೊಡಗಿದರು. “ಆಸ್ಟ್ರೇಲಿಯಾ ಬಸ್ ಎಲ್ಲಿ ನಿಂದರ್ತೈತ್ರಿ ಕಾಕಾ?” ಎಂದು ಯಾರೋ ಕೇಳಿದರು. ಕುಡಿದಿರಬೇಕು ಎಂದು ಇನ್ನೊಬ್ಬರು.

ನಾನು ಬಸ್ಸಿನ ಹಿಂದಿನಿಂದ ಸುತ್ತಿ, ಗಂಟುಮೂಟೆ ದಾಟಿ, ಜನರನ್ನು ಮೊಣಕೈಯಿಂದ ತಿವಿಯುತ್ತ ಬಂದೆ. ಜನರ ಸಂದಿಯಿಂದ ಅವರು ಕಂಡರು. ಬೆಂಚು ಬಿಟ್ಟು ಎದ್ದು ನಿಂತಿದ್ದರು. ಚೀಲ ಕೆಳಗೆ ಬಿದ್ದಿತ್ತು. ಮುಖ ಬಿಳುಚಿತ್ತು. ಎದುರು ಹಾಯುವ ಪ್ರತಿ ಹೆಂಗಸಿನ ಮುಖ ನೋಡುವರು, ಒಂದು ಹೆಸರು ಕೂಗುವರು, ಯಾರಾದರೂ ತಿರುಗಿದರೇ ಎಂದು ಕಾಯುವರು, ಮುಂದಿನದನ್ನು ಕೂಗುವರು. ಬೀಗಕ್ಕೆ ಗೊಂಚಲಿನ ಕೀಲಿಕೈಗಳನ್ನು ಒಂದೊಂದಾಗಿ ಹಾಕಿ ನೋಡುವವರ ಹಾಗೆ. “ಕಿವಿ!” ಯಾರೂ ತಿರುಗಲಿಲ್ಲ. “ಲಾಮಾ! ಬೀವರ್!”

ಆಗ ನನಗೆ ಹೊಳೆಯಿತು. ಅವರು ಪಾಠ ಒಪ್ಪಿಸುತ್ತಿರಲಿಲ್ಲ. ನನ್ನನ್ನು ಕರೆಯುತ್ತಿದ್ದರು. ನನ್ನ ಹೆಸರು ಅವರಲ್ಲಿ ಇರಲಿಲ್ಲ, ನಿಜವಾಗಿಯೂ ಇರಲಿಲ್ಲ, ಅದು ಆ ಹೊತ್ತಿಗೆ ಖಾತ್ರಿಯಾಯಿತು. ಇದ್ದಿದ್ದರೆ ಅಷ್ಟು ಗಾಬರಿಯಲ್ಲಿ ಯಾವ ರೂಢಿಯೂ ಅದನ್ನು ತಡೆಯುತ್ತಿರಲಿಲ್ಲ. ಆದರೂ ಲೋಕದಲ್ಲಿ ತಮಗೆ ಉಳಿದ ಅಷ್ಟೂ ಮಾತುಗಳನ್ನು ಆ ಮನುಷ್ಯ ನನಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಸುರಿದುಬಿಟ್ಟಿದ್ದರು. ಉಳಿದದ್ದು ಒಂದೇ.

“ಲೆಮೂರ್!” ಎಂದರು. ದನಿ ಒಡೆಯಿತು.

“ಓ, ಬಂದ್ನಿರಿ,” ಎಂದೆ.

ನಿಲ್ದಾಣದ ಜನವೆಲ್ಲ ನನ್ನ ಕಡೆ ತಿರುಗಿ ನೋಡಿದರು. ಅವರು ಕೂಗುವುದನ್ನು ನಿಲ್ಲಿಸಿದರು.