ಮೆಕ್‌ಗವನ್ ಅಂದರೆ ಕಮ್ಮಾರನ ಮಗ

ಪೀಣ್ಯದ ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಜೋಡಿಸಲು ಐರ್ಲೆಂಡಿನಿಂದ ಮೆಕ್‌ಗವನ್ ಎಂಬ ಎಂಜಿನಿಯರ್ ಬಂದಿದ್ದರು. ಸೂಪರ್‌ವೈಸರ್ ಆದ ನಾನೇ ದುಭಾಷಿ. ಊಟಕ್ಕೆ ಕೂತಾಗ ಗದಗ ಕಡೆಯ ಆಪರೇಟರ್ ಈರಣ್ಣ, "ಸಾಹೇಬರ ಅಡ್ಡಹೆಸರಿಗೆ ಅರ್ಥ ಏನಂತ ಕೇಳ್ರಿ ಸರ" ಅಂದ.

"ಕಮ್ಮಾರನ ಮಗ ಅಂತ," ಎಂದರು ಅವರು. "ಇಂಗ್ಲಿಷರ ಆಳ್ವಿಕೆಯಲ್ಲಿ ನಮ್ಮವರು ಎಷ್ಟೋ ಜನ ಅದನ್ನು ಸ್ಮಿತ್ ಅಂತ ಬದಲಿಸಿಕೊಂಡರು. ನಮ್ಮಜ್ಜ ಹಟ ಹಿಡಿದು ಹಳೇ ಹೆಸರಿಗೇ ಮರಳಿದ."

ಈರಣ್ಣ ಉಣ್ಣುವುದನ್ನು ನಿಲ್ಲಿಸಿದ. "ನಂದೂ ಕಮ್ಮಾರ ಮನೆತನಾನ ರೀ ಸರ. ಬಾಡಿಗಿ ಮನಿ ಕೇಳಾಕ ಹೋದ್ರ ಹೆಸರಿನ ಮ್ಯಾಲೆ ಜಾತಿ ಹಿಡೀತಾರಂತ ಎಲ್ಲಾ ಕಡೆ ಬರೇ ಕೆ. ಈರಣ್ಣ ಅಂತ ಬರಸೀನಿ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೆಕ್‌ಗವನ್ ಎದ್ದು ಬಂದು ಈರಣ್ಣನ ಕೈ ಹಿಡಿದುಕೊಂಡರು.

ಮರುದಿನವೇ ಈರಣ್ಣ ಗುರುತಿನ ಚೀಟಿಯಲ್ಲಿ 'ಈರಣ್ಣ ಕಮ್ಮಾರ' ಎಂದು ಹಾಕಿಸಲು ಅರ್ಜಿ ಕೊಟ್ಟ. ಅದಕ್ಕೆ ಸಹಿ ಮಾಡಿದ ನಾನು ಮಾತ್ರ ಎಂದಿನಂತೆ ನನ್ನ ಇನಿಷಿಯಲ್ಲಿನ ಹಿಂದೆಯೇ ಉಳಿದುಕೊಂಡೆ.