ಕಾಕಾ ಒಯ್ದಿದ್ದ ಗಂಗಾಳ

ನಿನ್ನೆ ಪಕ್ಕದ ಮನೆಯ ಕಾಕು ಒಂದು ಗೋಣಿಚೀಲ ತಂದುಕೊಟ್ಟರು. ಬಾಯಿ ಬಿಚ್ಚುತ್ತಲೇ ಭತ್ತದ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಹೊಟ್ಟಿನ ನಡುವೆ ನಮ್ಮ ಮನೆಯ ಊಟದ ಕಂಚಿನ ಗಂಗಾಳ. ಹನ್ನೊಂದು ವರ್ಷದ ಹಿಂದೆ ಅವರ ಯಜಮಾನರು ಅದನ್ನು ಒಯ್ದಿದ್ದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ನನ್ನ ಮಗಳು ಅಜ್ಜಾರು ಎನ್ನುತ್ತಿದ್ದಳು. ತೀರಿಕೊಂಡು ತಿಂಗಳಾಯಿತು...

ಹೊಟ್ಟಿನ ಆ ವಾಸನೆ ಕಾಕಾರ ಅಂಗಿಯದು. ಬೈಲಹೊಂಗಲದಿಂದ ದಿನಾ ಬಸ್ಸು ಹಿಡಿದು ಧಾರವಾಡದ ಒಂದು ಪ್ರಯೋಗಾಲಯಕ್ಕೆ ಹೋಗಿ ಇಲಿಗಳ ಚಾಕರಿ ಮಾಡುತ್ತಿದ್ದರು. ಗೂಡಿಗೆ ಹೊಟ್ಟು ಹಾಸುವುದು, ಕಾಳು ಹಾಕುವುದು, ಹೇಳಿದಾಗ ಗಂಟೆ ಬಾರಿಸುವುದು. ಗಂಟೆಯ ಸಪ್ಪಳಕ್ಕೆ ಆ ತಳಿಯ ಇಲಿಗಳು ಹುಚ್ಚೆದ್ದು ಓಡಿ, ಬಿದ್ದು, ಕಾಲು ಝಾಡಿಸುತ್ತಿದ್ದವಂತೆ. ಔಷಧಿ ಕೊಟ್ಟು ಮತ್ತೆ ಬಾರಿಸಬೇಕು. ಬೀಳದಿದ್ದರೆ ಔಷಧಿ ಹತ್ತಿತು ಎಂದರ್ಥ.

ನನ್ನ ಮಗಳಿಗೂ ಅದೇ ರೋಗ. ಆಗ ಅವಳಿಗೆ ಏಳು ವರ್ಷ. ಕುಕ್ಕರ್ ಸೀಟಿ ಹೊಡೆದರೂ ಫಿಟ್ಸ್ ಬರುತ್ತಿತ್ತು. ಮನೆಯ ಪಾತ್ರೆಗಳಿಗೆಲ್ಲ ಅರಿವೆ ಸುತ್ತಿಟ್ಟಿದ್ದೆ. ಕಂಡ ಕಂಡ ದೇವರಿಗೆ ಹರಕೆ ಹೊತ್ತು ಸೋತಿದ್ದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ, ನನಗೆ ಇಲಿ. ಸಂಜೆ ಕಾಕಾ ಬರುವುದನ್ನೇ ಕಾಯುತ್ತಿದ್ದೆ.

"ಇವತ್ತರ ಒಂದ ಇಲಿ ನಿಂತಿತೇನ್ರಿ, ಕಾಕಾ?"

"ಇಲ್ಲವ್ವಾ. ಎಲ್ಲಾ ಬಿದ್ದ್ವು."

ಆಮೇಲೆ ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟರು. ಹದಿನೈದು ದಿನ ಫಿಟ್ಸ್ ಬರಲಿಲ್ಲ. ಗುಳಿಗೆ ಹತ್ತಿತೋ, ಮನೆಯಲ್ಲಿ ಸಪ್ಪಳವಿಲ್ಲದ್ದಕ್ಕೆ ಬರಲಿಲ್ಲವೋ? ಆ ಅನುಮಾನ ನನ್ನನ್ನು ತಿಂದುಹಾಕಿತು. ಒಂದು ಭಾನುವಾರ ಮಧ್ಯಾಹ್ನ ಅವಳು ಗೊಂಬೆಗೆ ಸೀರೆ ಉಡಿಸುತ್ತ ಕುಳಿತಿದ್ದಳು. ನಾನು ಹಿಂದಿನಿಂದ ಹೋಗಿ, ಗಂಗಾಳದ ಮೇಲೆ ಲಟ್ಟಣಿಗೆಯಿಂದ ಜೋರಾಗಿ ಬಡಿದೆ...

ಅವಳು ಬಿದ್ದಳು. ಅಷ್ಟು ಹೊತ್ತು ಫಿಟ್ಸ್ ಹಿಂದೆಂದೂ ಬಂದಿರಲಿಲ್ಲ. ಓಡಿಬಂದ ಕಾಕಾ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಲಟ್ಟಣಿಗೆ ನೋಡಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಇಲಿ ಮುಂದ ಗಂಟಿ ಬಾರಸೂದು ನನ್ನ ನೌಕರಿ ಐತಿ. ನೀ ತಾಯಿ ಅದಿ."

ಅಷ್ಟೇ ಅಂದದ್ದು. ಓಣಿಯವರು ಕೂಡಿದಾಗ, ಗಂಗಾಳ ಕೈಜಾರಿ ಬಿತ್ತೆಂದು ಅವರೇ ಹೇಳಿದರು. ಹೋಗುವಾಗ ಅದನ್ನು ಬಗಲಲ್ಲಿಟ್ಟುಕೊಂಡು ಒಯ್ದರು. ಮತ್ತೆಂದೂ ನಾನು ಇಲಿಗಳ ಸುದ್ದಿ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಗಳಿಗೆ ಈಗ ಹದಿನೆಂಟು. ಫಿಟ್ಸ್ ಇನ್ನೂ ಬಿಟ್ಟಿಲ್ಲ. ನಿನ್ನೆ ಗಂಗಾಳ ನೋಡಿ ಕೇಳಿದಳು:

"ಅವ್ವಾ, ಕೈಜಾರಿ ಬಿದ್ದದ್ದಕ್ಕ ಅಜ್ಜಾರು ಇಷ್ಟ ವರ್ಷ ಯಾಕ ಮುಚ್ಚಿಟ್ಟಿದ್ರು?"

ಹೇಳಿಬಿಡಬೇಕೆಂದು ಬಾಯಿ ತೆರೆದೆ...

"ನಿನ್ನ ಮ್ಯಾಲೆ ಭಾಳ ಜೀವ ಇತ್ತವ್ವಾ ಅವರದು" ಅಂದೆ.

ಅದು ಸುಳ್ಳಲ್ಲ. ಆದರೆ ನಾನು ಬಡಿದದ್ದನ್ನು ಬಲ್ಲವರು ಅವರೊಬ್ಬರೇ. ಅವರೂ ಈಗಿಲ್ಲ.